ಸೇನೆ ಕಳಿಸುವ ಮುಂಚೆ ವಾಪಸ್ ಬರುವ ದಾರಿ ಹೇಳಿ

ಮಾನ್ಯ ಸಂಪಾದಕರಿಗೆ ನಮಸ್ಕಾರ.

ನೆರೆಯ ದೇಶಗಳಲ್ಲಿ ಗಲಾಟೆ ಎದ್ದಾಗಲೆಲ್ಲ ನಿಮ್ಮ ಓದುಗರ ಪತ್ರಗಳಲ್ಲಿ ಒಂದು ಮಾತು ತಪ್ಪದೆ ಬರುತ್ತದೆ: ಸೇನೆ ಕಳಿಸಿ. ಮೊನ್ನೆಯೂ ಒಬ್ಬರು ಬರೆದಿದ್ದರು. ಅಲ್ಲಿ ನಮ್ಮವರು ಸಾಯುತ್ತಿದ್ದಾರೆ, ಸರ್ಕಾರ ಕೈಕಟ್ಟಿ ಕೂತಿದೆ, ಒಂದೆರಡು ಡಿವಿಷನ್ ನುಗ್ಗಿಸಿದರೆ ವಾರದೊಳಗೆ ಎಲ್ಲ ತಣ್ಣಗಾಗುತ್ತದೆ, 1971ರಲ್ಲಿ ಬಾಂಗ್ಲಾದೇಶದಲ್ಲಿ ಮಾಡಿ ತೋರಿಸಲಿಲ್ವಾ ಎಂದು. ಅವರ ಸಂಕಟ ಸುಳ್ಳಲ್ಲ. ಪಕ್ಕದಲ್ಲೇ ಜನ ಸಾಯುವಾಗ ಸುಮ್ನೆ ಕೂರಲು ಯಾರಿಗೂ ಮನಸ್ಸಾಗುವುದಿಲ್ಲ. ಆದರೆ ಹೀಗೆ ಬರೆಯುವವರು 1971 ನೆನೆಯುತ್ತಾರೆ, 1987 ನೆನೆಯುವುದಿಲ್ಲ. ನಾನು 1987ರಲ್ಲಿ ಭಾರತದ ಶಾಂತಿಪಡೆಯ ಜೊತೆ ಶ್ರೀಲಂಕಾಕ್ಕೆ ಹೋದವನು. ಅದಕ್ಕೇ ಬರೆಯುತ್ತಿದ್ದೇನೆ. ಪತ್ರ ಉದ್ದವಾಗುತ್ತದೆ, ದಯವಿಟ್ಟು ಜಾಸ್ತಿ ಕತ್ತರಿಸಬೇಡಿ.

ನಾನು ಅರಕಲಗೂಡು ತಾಲ್ಲೂಕಿನವನು. ಬೆಂಗಳೂರು ಹಲಸೂರಿನ ಎಂ.ಇ.ಜಿ. ಸೆಂಟರಿನಲ್ಲಿ ಭರ್ತಿಯಾದೆ. ಜನ ಮದ್ರಾಸ್ ಸ್ಯಾಪರ್ಸ್ ಎನ್ನುವುದು ಅದನ್ನೇ. ಸೇತುವೆ ಕಟ್ಟುವುದು, ದಾರಿ ಮಾಡುವುದು, ನೆಲದಲ್ಲಿ ಹುಗಿದ ಬಾಂಬ್ ತೆಗೆಯುವುದು ನಮ್ಮ ಕೆಲಸ. ಬ್ಯಾರಕ್ಕಿನಲ್ಲಿ ಅರ್ಧಕ್ಕರ್ಧ ತಮಿಳರು. ಹಾಗಾಗಿ ನನಗೆ ತಮಿಳು ಬಂತು. ಲಂಕೆಯಲ್ಲಿ ಈ ತಮಿಳು ನನ್ನ ಕೈಗೆ ಬೇರೆ ಕೆಲಸವನ್ನೂ ಕೊಟ್ಟಿತು. ಪಂಜಾಬಿನ, ಬಿಹಾರದ, ಗಢವಾಲದ ಹುಡುಗರಿಗೆ ಅಲ್ಲಿನ ಜನರ ಒಂದು ಮಾತೂ ತಿಳಿಯುತ್ತಿರಲಿಲ್ಲ. ತಪಾಸಣೆಯ ಜಾಗದಲ್ಲಿ ನಮ್ಮಂಥವರನ್ನು ಪಕ್ಕಕ್ಕೆ ನಿಲ್ಲಿಸಿಕೊಳ್ಳುತ್ತಿದ್ದರು. ಜನ ನಮ್ಮ ಸೇನೆಯ ಬಗ್ಗೆ ಏನು ಅನ್ನುತ್ತಿದ್ದರು ಎಂಬುದು ದೊಡ್ಡ ಅಧಿಕಾರಿಗಳಿಗಿಂತ ಮೊದಲು ನಮ್ಮ ಕಿವಿಗೆ ಬೀಳುತ್ತಿತ್ತು.

ಹೋದ ಕಾರಣ ಕೆಟ್ಟದ್ದಾಗಿರಲಿಲ್ಲ. ಅದನ್ನು ಮೊದಲು ಹೇಳಬೇಕು. 1983ರ ಜುಲೈಯಲ್ಲಿ ಕೊಲಂಬೊದಲ್ಲಿ ತಮಿಳರ ಮನೆ ಅಂಗಡಿಗಳನ್ನು ಹುಡುಕಿ ಹುಡುಕಿ ಸುಟ್ಟರು, ಜನರನ್ನು ಬೀದಿಯಲ್ಲಿ ಕೊಂದರು. ಅಲ್ಲಿಂದಾಚೆ ಲಕ್ಷಕ್ಕೂ ಜಾಸ್ತಿ ಜನ ದೋಣಿ ಹತ್ತಿ ತಮಿಳುನಾಡಿಗೆ ಬಂದರು. 1987ರಲ್ಲಿ ಲಂಕೆಯ ಸೇನೆ ಉತ್ತರದ ತಮಿಳರ ಪಟ್ಟಣ ಜಾಫ್ನಾವನ್ನು ಸುತ್ತುವರಿದು ಅನ್ನ, ಔಷಧ ತಡೆದಾಗ ನಮ್ಮ ಸರ್ಕಾರ ದೋಣಿಗಳಲ್ಲಿ ಸಾಮಾನು ಕಳಿಸಿತು. ಅವರು ತಡೆದು ವಾಪಸ್ ಕಳಿಸಿದರು. ಮರುದಿನ, ಜೂನ್ 4ರಂದು, ಐದು ಎಎನ್-32 ವಿಮಾನಗಳು ಬೆಂಗಳೂರಿನಿಂದಲೇ ಹಾರಿ ಜಾಫ್ನಾದ ಮೇಲೆ ಅಕ್ಕಿಬೇಳೆ ಉದುರಿಸಿ ಬಂದವು. ಮಿರಾಜ್ ಯುದ್ಧವಿಮಾನಗಳು ಕಾವಲಿಗಿದ್ದವು. ಸೆಂಟರಿನಲ್ಲಿ ಆ ಸುದ್ದಿ ಕೇಳಿ ನಾವೆಲ್ಲ ಎದೆಯುಬ್ಬಿಸಿದ್ದೆವು. ಹಸಿದವರಿಗೆ ಅನ್ನ ಕೊಟ್ಟದ್ದು ಇವತ್ತಿಗೂ ಸರಿ ಎಂದೇ ನನ್ನ ಅಭಿಪ್ರಾಯ.

ಆಮೇಲಿನದ್ದು ಬಹಳ ಬೇಗ ಆಯಿತು. ಜುಲೈ 29ಕ್ಕೆ ಕೊಲಂಬೊದಲ್ಲಿ ರಾಜೀವ್ ಗಾಂಧಿ ಮತ್ತು ಲಂಕೆಯ ಅಧ್ಯಕ್ಷ ಜಯವರ್ಧನೆ ಒಪ್ಪಂದಕ್ಕೆ ಸಹಿ ಹಾಕಿದರು. ಜುಲೈ 30ಕ್ಕೆ ಜಾಫ್ನಾ ಹತ್ತಿರದ ಪಲಾಲಿಯಲ್ಲಿ ನಮ್ಮ ಸೈನಿಕರನ್ನು ಹೊತ್ತ ವಿಮಾನ ಇಳಿಯಿತು. ಅದೇ ದಿನ ಕೊಲಂಬೊದಲ್ಲಿ ಗೌರವವಂದನೆ ಸ್ವೀಕರಿಸುತ್ತಿದ್ದ ನಮ್ಮ ಪ್ರಧಾನಿಗೆ ಲಂಕೆಯ ನೌಕಾಪಡೆಯವನೊಬ್ಬ ಬಂದೂಕಿನ ಹಿಡಿಯಿಂದ ಹೊಡೆದ. ಆ ಫೋಟೊ ನೋಡಿದವರಿಗೆ ಸಿಂಹಳರ ಮನಸ್ಸು ಹೇಗಿತ್ತು ಎಂದು ತಿಳಿಯಲು ಬೇರೇನೂ ಬೇಕಿರಲಿಲ್ಲ. ಒಪ್ಪಂದಕ್ಕೆ ಸಹಿ ಹಾಕಿದ್ದು ಎರಡು ಸರ್ಕಾರ. ಪ್ರತ್ಯೇಕ ತಮಿಳು ದೇಶಕ್ಕಾಗಿ ಬಂದೂಕು ಹಿಡಿದಿದ್ದ, ಹುಲಿಗಳು ಎಂದೇ ಜನ ಕರೆಯುತ್ತಿದ್ದ ಎಲ್‌ಟಿಟಿಇ ಸಹಿಯನ್ನೇ ಹಾಕಿರಲಿಲ್ಲ. ಆದರೂ ಅವರಿಂದ ಬಂದೂಕು ವಾಪಸ್ ಪಡೆಯುವ ಕೆಲಸವನ್ನು ನಮ್ಮ ತಲೆಗೆ ಕಟ್ಟಲಾಯಿತು.

ಹೋದ ಹೊಸದರಲ್ಲಿ ಜನ ಹಾರ ಹಾಕಿದ್ದು ನಿಜ. ಮಕ್ಕಳು ಲಾರಿಯ ಹಿಂದೆ ಓಡಿ ಬರುತ್ತಿದ್ದರು. ಮನೆಯ ಮುಂದೆ ನಿಂತರೆ ಎಳನೀರು, ಟೀ ಕೊಡುತ್ತಿದ್ದರು. ಸಿಂಹಳ ಸೇನೆಯಿಂದ ಬಿಡಿಸಲು ಬಂದವರು ಎಂಬ ಭಾವನೆ ಅವರಿಗೆ. ಎರಡು ತಿಂಗಳಲ್ಲಿ ಅದು ಮುಗಿಯಿತು. ಸೆಪ್ಟೆಂಬರಿನಲ್ಲಿ ತಿಲೀಪನ್ ಎಂಬ ಎಲ್‌ಟಿಟಿಇ ಹುಡುಗ ನಲ್ಲೂರಿನ ದೇವಸ್ಥಾನದ ಹತ್ತಿರ ನೀರೂ ಕುಡಿಯದೆ ಉಪವಾಸ ಕೂತು ಸತ್ತ. ಅವನ ಬೇಡಿಕೆಗಳು ಭಾರತದ ಮುಂದಿದ್ದವು. ಸಾವಿರಾರು ಜನ ಕಣ್ಣೆದುರೇ ಅವನು ಸಾಯುವುದನ್ನು ನೋಡಿದರು. ಅಕ್ಟೋಬರ್ 5ರಂದು ಪಲಾಲಿಯಲ್ಲಿ, ಲಂಕೆಯವರು ಹಿಡಿದು ಕೊಲಂಬೊಗೆ ಒಯ್ಯಲು ಹೊರಟಿದ್ದ ಎಲ್‌ಟಿಟಿಇಯ 12 ಮಂದಿ ಸಯನೈಡ್ ನುಂಗಿ ಸತ್ತರು. ಅವರನ್ನು ಉಳಿಸಬೇಕಾಗಿದ್ದವರು ನೀವೇ ಎಂದು ಜನ ನಮ್ಮ ಮುಖಕ್ಕೇ ಹೇಳಿದರು. ಅದಾಗಿ ಒಂದು ವಾರದೊಳಗೆ ಶಾಂತಿ ಕಾಯಲು ಹೋದ ಪಡೆ ಯುದ್ಧಕ್ಕೆ ಇಳಿದಿತ್ತು.

ಅಕ್ಟೋಬರ್ 11ರ ರಾತ್ರಿ ಜಾಫ್ನಾ ವಿಶ್ವವಿದ್ಯಾಲಯದ ಮೈದಾನಕ್ಕೆ ಹೆಲಿಕಾಪ್ಟರಿನಲ್ಲಿ ಇಳಿಸಿದ ಸಿಖ್ ಲೈಟ್ ಇನ್‌ಫೆಂಟ್ರಿಯ 30 ಮಂದಿಯಲ್ಲಿ ಒಬ್ಬನೇ ಬದುಕಿ ಸೆರೆಯಾದ. ಕೈಗೆ ಕೊಟ್ಟಿದ್ದ ನಕ್ಷೆಗಳು ಸರಿಯಿರಲಿಲ್ಲ. ನಮ್ಮದು ಒಂದೊಂದೇ ಗುಂಡು ಹಾರುವ ಎಸ್‌ಎಲ್‌ಆರ್ ರೈಫಲ್. ಎದುರಿನವನ ಕೈಯಲ್ಲಿ ಎಕೆ-47. ನಾನು ಆ ರಾತ್ರಿ ಅಲ್ಲಿರಲಿಲ್ಲ, ಆದರೆ ಬೆಳಗಾಗುವಷ್ಟರಲ್ಲಿ ಸುದ್ದಿ ಎಲ್ಲ ಯೂನಿಟ್ಟಿಗೂ ಮುಟ್ಟಿತ್ತು.

ಇನ್ನೊಂದು ವಿಷಯ ಬರೆಯಲು ಕೈ ಬರುವುದಿಲ್ಲ. ಆದರೂ ಬರೆಯಬೇಕು. ಅಕ್ಟೋಬರ್ 21, ದೀಪಾವಳಿಯ ದಿನ, ನಮ್ಮ ಸೈನಿಕರು ಜಾಫ್ನಾ ಆಸ್ಪತ್ರೆಯೊಳಗೆ ನುಗ್ಗಿದರು. ಒಳಗಿಂದ ಉಗ್ರರು ಗುಂಡು ಹಾರಿಸಿದರು ಎಂದು ಸೇನೆ ಹೇಳಿತು. ಸತ್ತು ಬಿದ್ದವರಲ್ಲಿ ಡಾಕ್ಟರುಗಳಿದ್ದರು, ನರ್ಸುಗಳಿದ್ದರು, ಹಾಸಿಗೆ ಹಿಡಿದ ರೋಗಿಗಳಿದ್ದರು. 60ಕ್ಕೂ ಹೆಚ್ಚು ಜನ. ನಾನು ಹಾಕಿದ್ದ ಸಮವಸ್ತ್ರದ ಬಗ್ಗೆ ನನಗೆ ಅಭಿಮಾನವಿದೆ, ಸಾಯುವವರೆಗೂ ಇರುತ್ತದೆ. ಆದರೆ ಆ ಆಸ್ಪತ್ರೆಯ ಜನರ ಮನೆಯವರಿಗೆ ನಮ್ಮ ಸೇನೆಯೆಂದರೆ ಆ ದಿನವೇ. ಅವರಿಗೆ ನಾಲ್ಕೂವರೆ ತಿಂಗಳ ಹಿಂದೆ ಉದುರಿಸಿದ ಅಕ್ಕಿಬೇಳೆ ನೆನಪಿರಲಿ ಎಂದು ಹೇಗೆ ಕೇಳುವುದು? ಸೇನೆಯನ್ನು ಪರದೇಶದ ಊರುಕೇರಿಯೊಳಗೆ ಇಳಿಸಿದರೆ ಇಂಥದ್ದು ಆಗುತ್ತದೆ. ಎಷ್ಟೇ ಶಿಸ್ತಿನ ಸೇನೆಯಾದರೂ ಆಗುತ್ತದೆ. ಯಾವ ಮನೆಯಿಂದ ಗುಂಡು ಬರುತ್ತದೆ ತಿಳಿಯದು, ಭಾಷೆ ತಿಳಿಯದು, ನಿನ್ನೆ ಜೊತೆಗೆ ಉಂಡವನು ಇವತ್ತು ಇಲ್ಲ. ಇಪ್ಪತ್ತೆರಡು ವರ್ಷದ ಹುಡುಗನ ಕೈಯಲ್ಲಿ ಬಂದೂಕು.

ನಮ್ಮ ಕೆಲಸ ಬೆಳಗಿನ ಜಾವ ಶುರು. ರೋಡ್ ಓಪನಿಂಗ್ ಎನ್ನುತ್ತೇವೆ. ಕಾನ್ವಾಯ್ ಹೊರಡುವ ಮೊದಲು ಸ್ಯಾಪರುಗಳು ರಸ್ತೆಯ ಎರಡೂ ಬದಿಯಲ್ಲಿ ನಡೆದು ಹೋಗಬೇಕು. ಕೆಂಪು ಮಣ್ಣಿನ ರಸ್ತೆ, ಪಕ್ಕದಲ್ಲಿ ತಾಳೆಮರದ ಸಾಲು. ಮೋರಿ ಬಂತೆಂದರೆ ಒಬ್ಬ ಹೊಟ್ಟೆಯ ಮೇಲೆ ಮಲಗಿ ಒಳಗೆ ಟಾರ್ಚ್ ಬಿಡಬೇಕು. ಪ್ಲಾಸ್ಟಿಕ್ ಕ್ಯಾನಿಗೆ ಮದ್ದು ತುಂಬಿ ಮೋರಿಯಡಿ ಇಟ್ಟು, ತಂತಿಯನ್ನು ಗದ್ದೆಯ ಬದುವಿನೊಳಗೆ ಹುಗಿದು ದೂರದ ತೋಪಿನವರೆಗೆ ಎಳೆದಿರುತ್ತಿದ್ದರು. ತಂತಿ ಹುಗಿದ ಕಡೆ ಹುಲ್ಲಿನ ಬಣ್ಣ ಸ್ವಲ್ಪ ಬೇರೆ. ಎರಡು ದಿನದ ಹಿಂದೆ ಅಗೆದ ಮಣ್ಣು ಇಬ್ಬನಿ ಬಿದ್ದಾಗ ಸುತ್ತಲಿನ ಮಣ್ಣಿಗಿಂತ ಕಪ್ಪಗೆ ಕಾಣುತ್ತದೆ. ಅಷ್ಟನ್ನೇ ನೋಡುತ್ತಾ ನಡೆಯಬೇಕು. ತೋಪಿನಲ್ಲಿ ಕೂತವನು ಬ್ಯಾಟರಿಗೆ ತಂತಿ ಮುಟ್ಟಿಸುವ ಮೊದಲು ನಿಮ್ಮ ಕಣ್ಣಿಗೆ ಅದು ಬೀಳಬೇಕು. ಕಾಡಿನ ಕಡೆ ಹೋದರೆ ಇನ್ನೂ ಕಷ್ಟ. ಅಂಗೈ ಅಗಲದ ಮರದ ಪೆಟ್ಟಿಗೆಯಂಥ ಮೈನು, ಅದಕ್ಕೆ ಜಾನಿ ಎನ್ನುತ್ತಿದ್ದರು. ಕಬ್ಬಿಣ ಅಷ್ಟಾಗಿ ಇಲ್ಲದ್ದರಿಂದ ಡಿಟೆಕ್ಟರ್ ಸದ್ದು ಮಾಡುತ್ತಿರಲಿಲ್ಲ. ಸಲಾಕೆ ಹಿಡಿದು ಮಂಡಿಯೂರಿ ಮಣ್ಣು ಚುಚ್ಚುತ್ತಾ ಹೋಗುವುದೊಂದೇ ದಾರಿ.

ಈ ಎಲ್ಲ ವಿದ್ಯೆಯನ್ನು ಅವರಿಗೆ ಮೊದಲು ಕಲಿಸಿದವರಲ್ಲಿ ನಮ್ಮವರೂ ಇದ್ದರು. 1983ರ ಗಲಭೆಯ ನಂತರ ಭಾರತವೇ ತಮಿಳು ಗುಂಪುಗಳ ಹುಡುಗರನ್ನು ಕರೆಸಿ ಡೆಹ್ರಾಡೂನ್ ಕಡೆಯ ಬೆಟ್ಟಗಳಲ್ಲಿ, ತಮಿಳುನಾಡಿನ ಕ್ಯಾಂಪುಗಳಲ್ಲಿ ತರಬೇತಿ ಕೊಟ್ಟಿತು. ಈಗ ಇದು ಗುಟ್ಟೇನೂ ಅಲ್ಲ. ಊರಲ್ಲಿ ಅಣ್ಣತಮ್ಮಂದಿರ ಪಾಲಿನ ಜಗಳ ಬಿಡಿಸಲು ಬಂದವನು ಮೊದಲೇ ಒಬ್ಬನ ಕೈಗೆ ಮಚ್ಚು ಕೊಟ್ಟಿದ್ದರೆ ಅವನ ಪಂಚಾಯ್ತಿಯನ್ನು ಯಾರು ನಂಬುತ್ತಾರೆ? ಸಿಂಹಳರು ನಂಬಲಿಲ್ಲ. ಮಚ್ಚು ತೆಗೆದುಕೊಂಡವನು ವಾಪಸ್ ಕೇಳಿದಾಗ ಕೊಡಲಿಲ್ಲ.

ವವುನಿಯಾ ಕಡೆ ನಮ್ಮದೊಂದು ತಪಾಸಣೆಯ ಜಾಗವಿತ್ತು. ಸೈಕಲ್ ಮೇಲೆ ಬಂದವರು ದೂರದಲ್ಲೇ ಇಳಿದು, ತಳ್ಳಿಕೊಂಡು ನಡೆದು ಬರಬೇಕು ಎಂಬುದು ಆದೇಶ. ಸೈಕಲ್ ಮೇಲೆ ಬಂದು ಗ್ರೆನೇಡ್ ಎಸೆದು ಹೋಗುತ್ತಿದ್ದರಿಂದ ಆದೇಶಕ್ಕೆ ಕಾರಣವಿತ್ತು. ಒಬ್ಬರು ವಯಸ್ಸಾದ ಮೇಷ್ಟ್ರು ದಿನಾ ಆ ದಾರಿಯಲ್ಲಿ ಬರುತ್ತಿದ್ದರು. ಬಿಳಿ ಪಂಚೆ, ಹಿಂದಿನ ಕ್ಯಾರಿಯರಿಗೆ ಕಟ್ಟಿದ ಛತ್ರಿ, ಹ್ಯಾಂಡಲಿಗೆ ತೂಗುಹಾಕಿದ ಟಿಫನ್ ಡಬ್ಬಿ. ಅವರಿಗೆ ಮಂಡಿನೋವು. ಇಳಿದರೆ ಮತ್ತೆ ಹತ್ತುವುದು ಕಷ್ಟ. ಡಬ್ಬಿ ತೆಗೆಸಿ ಅನ್ನದೊಳಗೆ ಚಮಚ ಆಡಿಸಿ ನೋಡಬೇಕಿತ್ತು. ನೋಡುತ್ತಿದ್ದೆವು. ಒಂದು ದಿನ ಅವರು ನನ್ನ ಹತ್ತಿರ ನಿಂತು ತಮಿಳಿನಲ್ಲಿ ಹೇಳಿದರು: "ತಂಬಿ, ಸಿಂಹಳದವನೂ ಇಲ್ಲೇ ಇಳಿಸುತ್ತಿದ್ದ. ನೀವೂ ಇಲ್ಲೇ ಇಳಿಸುತ್ತೀರಿ. ನಿಮ್ಮ ಊರಲ್ಲಿ ಯಾರಾದರೂ ನಿಮ್ಮಪ್ಪನನ್ನು ದಿನಾ ಹೀಗೆ ಇಳಿಸಿದರೆ ನೀವು ಎಷ್ಟು ದಿನ ಸುಮ್ಮನಿರುತ್ತೀರಿ?" ಬೈಯಲಿಲ್ಲ, ದನಿ ಏರಿಸಲಿಲ್ಲ. ನನ್ನ ಹತ್ತಿರ ಉತ್ತರವಿರಲಿಲ್ಲ. ಅವರು ಏನಂದರು ಎಂದು ನಮ್ಮ ನಾಯಕ್ ಕೇಳಿದ. ಮಂಡಿ ನೋವಂತೆ ಎಂದಷ್ಟೇ ಹೇಳಿದೆ.

ಟಿ.ವಿ.ಯಲ್ಲಿ ನಕ್ಷೆಯ ಮೇಲೆ ಬಾಣ ಎಳೆದು ತೋರಿಸುವವರಿಗೆ ಈ ಮೇಷ್ಟ್ರು ಕಾಣುವುದಿಲ್ಲ. ಜನ ತಿರುಗಿ ಬೀಳುವುದು ದೊಡ್ಡ ಕದನದಿಂದಲ್ಲ. ದಿನಾ ಸೈಕಲ್ ಇಳಿಸುವುದರಿಂದ, ರಾತ್ರಿ ಬಾಗಿಲು ಬಡಿಯುವುದರಿಂದ, ಮುಖ ಮುಚ್ಚಿದ ಮಾಹಿತಿದಾರನೊಬ್ಬ ತಲೆಯಾಡಿಸಿದ ಎಂದು ಊರಿನ ಹುಡುಗರನ್ನು ಲಾರಿಗೆ ಹತ್ತಿಸುವುದರಿಂದ. ಸೇನೆ ಇವೆಲ್ಲ ಮಾಡದೆ ಅಲ್ಲಿರಲು ಆಗುವುದಿಲ್ಲ. ಮಾಡಿದರೆ ಜನ ಉಳಿಯುವುದಿಲ್ಲ.

ಒಂದು ಹೊತ್ತಿನಲ್ಲಿ ಅಲ್ಲಿ ನಮ್ಮವರು 70 ಸಾವಿರಕ್ಕೂ ಹೆಚ್ಚಿದ್ದರು. ದಕ್ಷಿಣದಲ್ಲಿ ಸಿಂಹಳರ ಎಡಪಂಥೀಯ ಪಕ್ಷವಾದ ಜೆವಿಪಿಯವರು ದಂಗೆ ಎದ್ದರು, ಭಾರತದ ಸೇನೆ ನೆಲದ ಮೇಲಿದೆ ಎನ್ನುವುದೇ ಅವರಿಗೆ ಸಿಕ್ಕ ದೊಡ್ಡ ಕೂಗು. 1989ರಲ್ಲಿ ಅಧ್ಯಕ್ಷರಾದ ಪ್ರೇಮದಾಸ ಜುಲೈ ಒಳಗೆ ಹೊರಡಿ ಎಂದರು. ಅಷ್ಟೇ ಅಲ್ಲ, ನಮ್ಮ ಮೇಲೆ ಹೋರಾಡಲಿ ಎಂದು ಎಲ್‌ಟಿಟಿಇಗೇ ಆಯುಧ ಕೊಟ್ಟರು. ಯಾರು ಯಾರ ಶತ್ರು ಎಂದು ನಮ್ಮ ಹುಡುಗರಿಗೆ ಹೇಗೆ ವಿವರಿಸುವುದು? ನಾವು ಕೂರಿಸಿದ ವರದರಾಜ ಪೆರುಮಾಳ್ ಅವರ ಪ್ರಾಂತೀಯ ಸರ್ಕಾರ ನಾವು ಹೊರಡುತ್ತಿದ್ದ ಹಾಗೆ ಕುಸಿಯಿತು. 1990ರ ಮಾರ್ಚ್ 24ಕ್ಕೆ ಟ್ರಿಂಕೋಮಲಿಯಿಂದ ಕೊನೆಯ ಹಡಗುಗಳು ಹೊರಟವು. ಮದ್ರಾಸಿನಲ್ಲಿ ಇಳಿದ ಸೈನಿಕರನ್ನು ಸ್ವಾಗತಿಸಲು ಅಂದಿನ ಮುಖ್ಯಮಂತ್ರಿ ಬರಲಿಲ್ಲ. ಸುಮಾರು 1,200 ಮಂದಿ ವಾಪಸ್ ಬರಲೇ ಇಲ್ಲ. ಎಷ್ಟು ತಮಿಳು ಜನ ಸತ್ತರು ಎಂಬುದನ್ನು ಸರಿಯಾಗಿ ಎಣಿಸಿದವರೂ ಇಲ್ಲ.

ಮೇಜರ್ ರಾಮಸ್ವಾಮಿ ಪರಮೇಶ್ವರನ್ ಅವರಿಗೆ ಪರಮವೀರ ಚಕ್ರ ಬಂತು. 1987ರ ನವೆಂಬರ್ 25ರಂದು ಎದೆಗೆ ಗುಂಡು ಬಿದ್ದರೂ ಎದುರಿನವನ ರೈಫಲ್ ಕಿತ್ತು ಅವನನ್ನು ಹೊಡೆದು ಉರುಳಿದವರು ಅವರು. ಆ ಧೈರ್ಯಕ್ಕೆ ಯಾರು ತಲೆಬಾಗುವುದಿಲ್ಲ? ಆದರೆ ಅಂಥ ಒಬ್ಬ ಅಧಿಕಾರಿಯನ್ನು ಯಾವ ಕೆಲಸಕ್ಕೆ ಖರ್ಚು ಮಾಡಿದೆವು ಎಂದು ಕೇಳುವ ಹಕ್ಕು ಜೊತೆಯಲ್ಲಿದ್ದ ನಮಗೆ ಇದ್ದೇ ಇದೆ. ಹುಣಸೂರು ಕಡೆಯ ನನ್ನ ಗೆಳೆಯನೊಬ್ಬ ಜಾನಿ ಮೈನು ತುಳಿದು ಮೊಣಕಾಲ ಕೆಳಗಿನ ಕಾಲು ಕಳೆದುಕೊಂಡ. ಪುಣೆಯಲ್ಲಿ ಕೃತಕ ಕಾಲು ಹಾಕಿದರು. ಈಗ ಊರಲ್ಲಿ ಸಣ್ಣ ಅಂಗಡಿ ಇಟ್ಟಿದ್ದಾನೆ. ಮಳೆಗಾಲದಲ್ಲಿ ಕಾಲಿನ ತುದಿ ಉಜ್ಜಿ ಹುಣ್ಣಾಗುತ್ತದೆ, ಆಗ ಕೃತಕ ಕಾಲು ಬಿಚ್ಚಿಟ್ಟು ಕಂಬ ಹಿಡಿದು ಗಿರಾಕಿಗೆ ಸಾಮಾನು ತೂಗುತ್ತಾನೆ. ಅಂಗಡಿಗೆ ಬರುವ ಕಾಲೇಜು ಹುಡುಗರು ಕೇಳುತ್ತಾರಂತೆ, ಅಂಕಲ್, ಕಾರ್ಗಿಲ್ಲಾ? ಲಂಕಾ ಎಂದರೆ ಅಲ್ಲಿ ಏನಾಗಿತ್ತು ಅನ್ನುತ್ತಾರಂತೆ.

ವಾಪಸ್ ಬಂದ ಮೇಲೂ ಅದು ಮುಗಿಯಲಿಲ್ಲ. 1991ರ ಮೇ 21ರಂದು ಶ್ರೀಪೆರುಂಬುದೂರಿನಲ್ಲಿ ಎಲ್‌ಟಿಟಿಇಯವರು ರಾಜೀವ್ ಗಾಂಧಿಯವರನ್ನು ಕೊಂದರು. ಆ ಆಗಸ್ಟಿನಲ್ಲಿ ಆ ಕೊಲೆಯ ಸಂಚು ನಡೆಸಿದ ಶಿವರಾಸನ್ ಮತ್ತು ಅವನ ಜೊತೆಗಾರರು ನಮ್ಮ ಬೆಂಗಳೂರಿನ ಕೋಣನಕುಂಟೆಯ ಮನೆಯೊಂದರಲ್ಲಿ ಹೆಣವಾದರು. ಇವತ್ತು ಕೋಣನಕುಂಟೆಯಲ್ಲಿ ಫ್ಲ್ಯಾಟ್ ಕೊಂಡವರಲ್ಲಿ ಎಷ್ಟು ಜನಕ್ಕೆ ಗೊತ್ತೋ. ಸಮುದ್ರದಾಚೆ ಕಳಿಸಿದ ಸೇನೆಯ ಲೆಕ್ಕ ನಮ್ಮ ಬಡಾವಣೆಗೇ ಬಂದಿತ್ತು. ಲಂಕೆಯಲ್ಲಿ ಯುದ್ಧ 2009ರ ಮೇವರೆಗೂ ನಡೆಯಿತು. ನಾವು ಹೋದದ್ದರಿಂದ ಒಂದು ದಿನ ಮುಂಚೆ ಮುಗಿಯಿತು ಎಂದು ನನಗೆ ಯಾರೂ ತೋರಿಸಿಲ್ಲ. ಒಪ್ಪಂದದಿಂದ ಅವರ ಸಂವಿಧಾನಕ್ಕೆ 13ನೇ ತಿದ್ದುಪಡಿ ಬಂತು, ಪ್ರಾಂತೀಯ ಮಂಡಳಿಗಳು ಬಂದವು, ಅದು ನಿಜ. ಆದರೆ ಅದು ಸಹಿಯಿಂದ ಬಂದದ್ದು, ಬಂದೂಕಿನಿಂದ ಅಲ್ಲ.

ಈಗ 1971ಕ್ಕೆ ಬರುತ್ತೇನೆ. ಪತ್ರ ಬರೆದವರಿಗೆ ಅದೇ ದೊಡ್ಡ ಉದಾಹರಣೆ. ಆಗಿನ ಪೂರ್ವ ಪಾಕಿಸ್ತಾನದಿಂದ ಒಂದು ಕೋಟಿಯಷ್ಟು ಜನ ನಮ್ಮ ನೆಲಕ್ಕೆ ಓಡಿ ಬಂದಿದ್ದರು. ಚುನಾವಣೆ ಗೆದ್ದ ಪಕ್ಷವೇ ನಮ್ಮ ಸಹಾಯ ಕೇಳುತ್ತಿತ್ತು. ಇಡೀ ಜನ ಒಂದು ಕಡೆ ಇದ್ದರು, ಅವರದ್ದೇ ಮುಕ್ತಿವಾಹಿನಿ ಹೋರಾಡುತ್ತಿತ್ತು. ನಮ್ಮ ಸೇನೆ ತಿಂಗಳುಗಟ್ಟಲೆ ತಯಾರಿ ಮಾಡಿತು. ಡಿಸೆಂಬರ್ 3ಕ್ಕೆ ಪಾಕಿಸ್ತಾನವೇ ನಮ್ಮ ವಿಮಾನ ನಿಲ್ದಾಣಗಳ ಮೇಲೆ ಬಾಂಬ್ ಹಾಕಿತು. 16ಕ್ಕೆ ಢಾಕಾದಲ್ಲಿ ಶರಣಾಗತಿ. ಇದನ್ನು ಎಲ್ಲರೂ ಹೇಳುತ್ತಾರೆ. ಯಾರೂ ಹೇಳದ ವಿಷಯವೆಂದರೆ 1972ರ ಮಾರ್ಚ್ ಹೊತ್ತಿಗೆ ನಮ್ಮ ಸೇನೆ ಅಲ್ಲಿಂದ ಹೊರಟಿತ್ತು. ಗೆದ್ದ ಸೇನೆ ಮೂರು ತಿಂಗಳಲ್ಲಿ ಹೊರಡುವುದು ಸಾಮಾನ್ಯವಲ್ಲ. ಇಂದಿರಾ ಗಾಂಧಿಯವರ ಬಗ್ಗೆ ನನಗೆ ಬೇರೆ ವಿಷಯಗಳಲ್ಲಿ ತಕರಾರಿದೆ, ಆದರೆ ಇದೊಂದಕ್ಕೆ ಅವರಿಗೆ ಕೈಮುಗಿಯುತ್ತೇನೆ.

ಮಾಲ್ಡೀವ್ಸ್ ಕೂಡ ಹಾಗೇ. 1988ರ ನವೆಂಬರ್ 3. ಲಂಕೆಯ ತಮಿಳು ಗುಂಪೊಂದರ ಬಾಡಿಗೆ ಬಂದೂಕುಧಾರಿಗಳು ಅಲ್ಲಿನ ರಾಜಧಾನಿ ಮಾಲೆಯನ್ನು ಹಿಡಿದರು. ಅಧ್ಯಕ್ಷ ಗಯೂಮ್ ಅಡಗಿ ಕೂತು ನಮ್ಮನ್ನು ಕರೆದರು. ಅದೇ ರಾತ್ರಿ ಆಗ್ರಾದಿಂದ ಪ್ಯಾರಾಟ್ರೂಪರುಗಳು ಹೋಗಿ ಇಳಿದರು. ಹಡಗಿನಲ್ಲಿ ಒತ್ತೆಯಾಳು ಸಮೇತ ಓಡಿದವರನ್ನು ನೌಕಾಪಡೆ ಹಿಡಿಯಿತು. ಕೆಲವೇ ದಿನದಲ್ಲಿ ಕೆಲಸ ಮುಗಿಯಿತು, ಬಹುಪಾಲು ಸೈನಿಕರು ವಾಪಸ್. ಅದೇ ವರ್ಷ, ಅದೇ ಸೇನೆ, ಅದೇ ಸರ್ಕಾರ. ನಾವು ಲಂಕೆಯಲ್ಲಿ ಮೋರಿಯ ಮುಂದೆ ಮಲಗಿ ರೇಡಿಯೊದಲ್ಲಿ ಆ ಸುದ್ದಿ ಕೇಳಿದೆವು. ವ್ಯತ್ಯಾಸ ಸೈನಿಕರಲ್ಲಿರಲಿಲ್ಲ. ಅವರಿಗೆ ಹೇಳಿದ ಕೆಲಸ ಒಂದೇ ವಾಕ್ಯದ್ದಾಗಿತ್ತು. ನಮಗೆ ಹೇಳಿದ ಕೆಲಸ ತಿಂಗಳಿಗೊಮ್ಮೆ ಬದಲಾಗುತ್ತಿತ್ತು. ಮೊದಲು ಸಿಂಹಳ ಸೇನೆ ಮತ್ತು ತಮಿಳು ಹುಡುಗರ ನಡುವೆ ನಿಲ್ಲಿ, ಆಮೇಲೆ ಆಯುಧ ಕಿತ್ತುಕೊಳ್ಳಿ, ಆಮೇಲೆ ಹೊಡೆಯಿರಿ, ಆಮೇಲೆ ಚುನಾವಣೆ ಮಾಡಿಸಿ.

ಹಾಗಾದರೆ ಎಲ್ಲಿಗೂ ಹೋಗಲೇಬಾರದಾ ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆ. 1994ರಲ್ಲಿ ರುವಾಂಡಾದಲ್ಲಿ ಸುಮಾರು 8 ಲಕ್ಷ ಜನರನ್ನು ನೂರು ದಿನದಲ್ಲಿ ಕತ್ತರಿಸಿ ಹಾಕಿದರು. ಪ್ರಪಂಚ ನೋಡುತ್ತಾ ಕೂತಿತ್ತು. ಇದನ್ನು ನೆನೆದಾಗ ನನ್ನ ಮಾತು ನನಗೇ ಭಾರವಾಗುತ್ತದೆ. ಆದರೆ ಅಲ್ಲಿ ವಿಶ್ವಸಂಸ್ಥೆಯ ಪಡೆ ಮೊದಲೇ ಇತ್ತು. ಎರಡೂ ಕಡೆಯವರು ಒಪ್ಪಿದ ಒಪ್ಪಂದದ ಮೇಲೆ ಹೋಗಿದ್ದ ಪಡೆ. ಕೊಲೆ ಶುರುವಾದಾಗ ಅದಕ್ಕೆ ಜನ ಸೇರಿಸುವ ಬದಲು 2,500ರಿಂದ 270ಕ್ಕೆ ಇಳಿಸಿದರು. ಅದು ಘೋರ ತಪ್ಪು. ಜನ ನಂಬಿ ಆಸರೆ ಪಡೆದ ಪಡೆಯನ್ನು ಕಿತ್ತುಕೊಂಡದ್ದು ಒಂದು, ಪಕ್ಕದ ದೊಡ್ಡ ದೇಶ ತನ್ನದೇ ಲೆಕ್ಕಾಚಾರ ಇಟ್ಟುಕೊಂಡು ಒಬ್ಬನೇ ನುಗ್ಗುವುದು ಇನ್ನೊಂದು. ಕಾಂಬೋಡಿಯಾದಲ್ಲಿ ಪೋಲ್ ಪಾಟ್‌ನ ಕೊಲೆಗಡುಕ ಆಡಳಿತವನ್ನು 1979ರ ಜನವರಿಯಲ್ಲಿ ಉರುಳಿಸಿದ್ದು ವಿಯೆಟ್ನಾಂ ಸೇನೆಯೇ. ಜನ ಉಳಿದರು, ಇಲ್ಲ ಎನ್ನುವುದಿಲ್ಲ. ಆದರೆ ವಿಯೆಟ್ನಾಂ ಅಲ್ಲಿಂದ ಕಾಲು ಕೀಳಲು 1989 ಆಯಿತು.

ನೀಲಿ ಟೋಪಿ ಹಾಕಿ ವಿಶ್ವಸಂಸ್ಥೆಯ ಪರವಾಗಿ ಹೋಗುವುದನ್ನು ನಾನು ವಿರೋಧಿಸುವುದಿಲ್ಲ. ಅದರಲ್ಲಿ ನಮ್ಮ ಕೊಡಗಿನ ಜನರಲ್ ತಿಮ್ಮಯ್ಯನವರ ಹೆಸರು ದೊಡ್ಡದು. ಕೊರಿಯಾ ಯುದ್ಧಕ್ಕೆ ಭಾರತ ಕಾದಾಡುವ ಪಡೆ ಕಳಿಸಲಿಲ್ಲ, ಗಾಯಾಳುಗಳಿಗೆ ವೈದ್ಯಕೀಯ ಪಡೆ ಕಳಿಸಿತು. ಯುದ್ಧ ನಿಂತ ಮೇಲೆ, ತಮ್ಮ ದೇಶಕ್ಕೆ ವಾಪಸ್ ಹೋಗಲ್ಲ ಎಂದ 22 ಸಾವಿರಕ್ಕೂ ಹೆಚ್ಚು ಕೈದಿಗಳನ್ನು ಕಾಯುವ ಕೆಲಸ ಬಂತು. ಎರಡೂ ಕಡೆಯವರು ಭಾರತವನ್ನು ಒಪ್ಪಿದ್ದರು. ತಿಮ್ಮಯ್ಯನವರು ಆ ಆಯೋಗದ ಅಧ್ಯಕ್ಷರು. ನಮ್ಮ ಸೈನಿಕರು ಹೋಗಿ, ಎರಡೂ ಕಡೆಯ ಬೈಗುಳ ತಿಂದು, 1954ರ ಮೊದಲ ತಿಂಗಳುಗಳಲ್ಲಿ ಕೆಲಸ ಮುಗಿಸಿ ಬಂದರು. ಕೊನೆಗೆ 1965ರಲ್ಲಿ ಸೈಪ್ರಸ್‌ನಲ್ಲಿ ವಿಶ್ವಸಂಸ್ಥೆ ಪಡೆಯ ಮುಖ್ಯಸ್ಥರಾಗಿದ್ದಾಗಲೇ ಅವರು ತೀರಿಕೊಂಡರು. ಕೊರಿಯಾದಲ್ಲಿ ಭಾರತಕ್ಕೆ ಯಾವ ಕಡೆಯವರ ಹಂಗೂ ಇರಲಿಲ್ಲ. ಲಂಕೆಯಲ್ಲಿ ಎಲ್ಲ ಕಡೆಯದ್ದೂ ಇತ್ತು.

ನಮ್ಮ ಸರ್ಕಾರಗಳು ಪಾಠ ಕಲಿತೇ ಇಲ್ಲ ಎಂದಲ್ಲ. 2003ರಲ್ಲಿ ಇರಾಕಿಗೆ ಒಂದು ಡಿವಿಷನ್ ಕಳಿಸಿ ಎಂದು ಅಮೆರಿಕ ಒತ್ತಾಯಿಸಿತು. ದೆಹಲಿಯಲ್ಲಿ ಕೆಲವರಿಗೆ ಮನಸ್ಸೂ ಇತ್ತು. ವಿಶ್ವಸಂಸ್ಥೆಯ ಸ್ಪಷ್ಟ ಆದೇಶವಿಲ್ಲದೆ ಕಳಿಸಲ್ಲ ಎಂದು ವಾಜಪೇಯಿ ಸರ್ಕಾರ ಜುಲೈಯಲ್ಲಿ ಹೇಳಿತು. ಅಮೆರಿಕ ಅಲ್ಲಿ ತನ್ನ ನಾಲ್ಕು ಸಾವಿರಕ್ಕೂ ಹೆಚ್ಚು ಸೈನಿಕರನ್ನು ಕಳೆದುಕೊಂಡಿತು. ಅವರ ಜೊತೆ ನಮ್ಮ ಮಂಡ್ಯದ, ಬೆಳಗಾವಿಯ ಹುಡುಗರೂ ಹೋಗಬೇಕಾಗಿತ್ತು. 2022ರಲ್ಲಿ ಲಂಕೆಯ ಜನ ಅಧ್ಯಕ್ಷರ ಅರಮನೆಗೇ ನುಗ್ಗಿದಾಗ ಭಾರತ ಸೇನೆ ಕಳಿಸುತ್ತದೆ ಎಂದು ಗುಸುಗುಸು ಎದ್ದಿತ್ತು. ಕೊಲಂಬೊದಲ್ಲಿನ ನಮ್ಮ ರಾಯಭಾರ ಕಚೇರಿ ಅದನ್ನು ಖಡಾಖಂಡಿತವಾಗಿ ಅಲ್ಲಗಳೆಯಿತು. ಹೋದದ್ದು ಡೀಸೆಲ್, ಅಕ್ಕಿ, ಔಷಧ, ಸುಮಾರು 400 ಕೋಟಿ ಡಾಲರ್ ನೆರವು. 1987ರಲ್ಲಿ ನಮ್ಮ ಪ್ರಧಾನಿಗೆ ಬಂದೂಕಿನಿಂದ ಹೊಡೆದ ದೇಶದ ಜನ ಆ ವರ್ಷ ಭಾರತಕ್ಕೆ ಧನ್ಯವಾದ ಹೇಳಿದರು. ಜೂನ್ 4ರ ವಿಮಾನಗಳು ಮಾಡಿದ ಕೆಲಸವೂ ಇದೇ. ಅಲ್ಲಿಗೇ ನಿಲ್ಲಿಸಬೇಕಿತ್ತು.

ಈಗಿನ ಕೂಗಿಗೆ ನನ್ನ ಉತ್ತರ ಇಷ್ಟೇ. ನೆರೆಯ ದೇಶದಲ್ಲಿ ಅಲ್ಪಸಂಖ್ಯಾತರ ಮೇಲೆ ಹಲ್ಲೆಯಾದರೆ ಸರ್ಕಾರ ಗಟ್ಟಿಯಾಗಿ ಮಾತಾಡಲಿ. ವ್ಯಾಪಾರ, ವೀಸಾ, ಸಾಲ, ವಿಶ್ವಸಂಸ್ಥೆ, ಎಲ್ಲ ದಾರಿಯಿಂದಲೂ ಒತ್ತಡ ಹಾಕಲಿ. ಓಡಿ ಬಂದವರಿಗೆ ಗಡಿಯಲ್ಲಿ ಜಾಗ ಕೊಡಲಿ. ಸೇನೆ ನುಗ್ಗಿತು ಎಂದುಕೊಳ್ಳಿ, ಅಲ್ಲಿನ ಅಲ್ಪಸಂಖ್ಯಾತರು ಮರುದಿನದಿಂದಲೇ ಪರದೇಶದ ಏಜೆಂಟರು ಅನಿಸಿಕೊಳ್ಳುತ್ತಾರೆ. ನಾವು ವಾಪಸ್ ಬರುತ್ತೇವೆ, ಅವರು ಅಲ್ಲೇ ಇರಬೇಕು. ಲಂಕೆಯಲ್ಲಿ ನಮ್ಮ ಜೊತೆ ಕೆಲಸ ಮಾಡಿದ ತಮಿಳು ಹುಡುಗರನ್ನು ನಾವು ಹಡಗು ಹತ್ತಿದ ಮೇಲೆ ಹುಲಿಗಳು ಹುಡುಕಿ ಕೊಂದರು. ಅವರನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಕೊನೆಗೆ ಒಂದು ಕೋರಿಕೆ, ನಮ್ಮ ರಾಜ್ಯದ 28 ಲೋಕಸಭಾ ಸದಸ್ಯರಿಗೆ. ನಮ್ಮ ಸಂವಿಧಾನದಲ್ಲಿ ಸೇನೆಯನ್ನು ಪರದೇಶಕ್ಕೆ ಕಳಿಸಲು ಸಂಸತ್ತಿನ ಒಪ್ಪಿಗೆ ಬೇಕು ಎಂಬ ನಿಯಮವಿಲ್ಲ. 1987ರಲ್ಲಿ ಸಹಿಯಾದ ಮರುದಿನವೇ ಸೇನೆ ಹೋಯಿತು. ಜರ್ಮನಿಯಲ್ಲಿ ಸಂಸತ್ತು ಒಪ್ಪದೆ ಒಬ್ಬ ಸೈನಿಕನನ್ನೂ ಹೊರಗಿನ ಯುದ್ಧಕ್ಕೆ ಕಳಿಸುವಂತಿಲ್ಲ, 1994ರಲ್ಲಿ ಅವರ ಸಂವಿಧಾನ ಕೋರ್ಟ್ ಹಾಗೆ ತೀರ್ಪು ಕೊಟ್ಟಿದೆ. ಬ್ರಿಟನ್ನಿನಲ್ಲಿ 2013ರ ಆಗಸ್ಟಿನಲ್ಲಿ ಸಿರಿಯಾ ಮೇಲೆ ದಾಳಿ ಮಾಡಬೇಕು ಎಂದು ಸರ್ಕಾರವೇ ನಿರ್ಣಯ ತಂದಾಗ 285ಕ್ಕೆ 272 ಮತದಿಂದ ಬಿದ್ದುಹೋಯಿತು. ಪ್ರಧಾನಿ ಸುಮ್ಮನಾದರು. ನಮ್ಮಲ್ಲೂ ಅಂಥ ಕಾನೂನು ಬರಲಿ. ಮಾಲ್ಡೀವ್ಸ್‌ನಂಥ ತುರ್ತು ಬಂದರೆ ಸರ್ಕಾರ ಮೊದಲು ಕಳಿಸಲಿ, 30 ದಿನದೊಳಗೆ ಸಂಸತ್ತಿನ ಮುಂದೆ ಬಂದು ಕೆಲಸ ಏನು, ಯಾರು ಕರೆದರು, ಯಾವಾಗ ವಾಪಸ್ ಎಂದು ಹೇಳಲಿ. ಒಪ್ಪಿಗೆ ಸಿಗದಿದ್ದರೆ ಹಿಂದಕ್ಕೆ ಕರೆಸಲಿ.

ಖಾಸಗಿ ಸದಸ್ಯರ ಮಸೂದೆ ಪಾಸಾಗುವುದು ಕಷ್ಟ ಎಂದು ನನಗೂ ಗೊತ್ತು. 1970ರ ನಂತರ ಒಂದೂ ಪಾಸಾಗಿಲ್ಲ. ಆದರೂ ಮಂಡಿಸಿದರೆ ಚರ್ಚೆಯಾಗುತ್ತದೆ, ದಾಖಲೆಯಾಗುತ್ತದೆ. ನಮ್ಮ ಕ್ಷೇತ್ರದ ಸಂಸದರಿಗೆ ಇದೇ ವಿಷಯ ಬರೆದು ಅಂಚೆಯಲ್ಲಿ ಕಳಿಸುತ್ತಿದ್ದೇನೆ. ಲಂಕೆಗೆ ಹೋಗಿ ಬಂದ ಬೇರೆ ಜಿಲ್ಲೆಯ ಮಾಜಿ ಸೈನಿಕರು ಈ ಪತ್ರ ಓದಿದರೆ ತಮ್ಮ ತಮ್ಮ ಸಂಸದರಿಗೂ ಬರೆಯಬೇಕು ಎಂದು ಕೇಳಿಕೊಳ್ಳುತ್ತೇನೆ.

ಇಂತಿ,
ಒಬ್ಬ ನಿವೃತ್ತ ಹವಾಲ್ದಾರ್, ಮದ್ರಾಸ್ ಸ್ಯಾಪರ್ಸ್
ಅರಕಲಗೂಡು ತಾಲ್ಲೂಕು, ಹಾಸನ ಜಿಲ್ಲೆ